ಸಿಗಡಿ ತೊಟ್ಟಿಗೆ ಒಂದು ಚಿಟಿಕೆ ಮೈಲುತುತ್ತ

ಹಾಸ್ಟೆಲ್,
ಮಾರ್ಚ್ ೧೪

ತೀರ್ಥರೂಪು ಅಪ್ಪನವರಿಗೆ, ನಿಮ್ಮ ಮಗಳ ನಮಸ್ಕಾರಗಳು.

ಇಂದು ಮಾರ್ಚ್ ಹದಿನಾಲ್ಕು. ನಿಮ್ಮ ನಿವೃತ್ತಿಯ ಸಮಾರಂಭದಲ್ಲಿ ನಾನು ವೇದಿಕೆ ಹತ್ತಿ, ನೀರನ್ನು ಅಳೆಯುವುದನ್ನು ನೀವು ನನಗೆ ಹೇಗೆ ಕಲಿಸಿದಿರಿ ಎಂದು ಮಾತನಾಡಬೇಕೆಂಬುದು ನಿಮ್ಮ ಕೋರಿಕೆ. ಅದಕ್ಕೆ ಉತ್ತರ ಕೊಡುವುದಷ್ಟೇ ಈ ಪತ್ರದ ಉದ್ದೇಶ. ತಡವಾದದ್ದಕ್ಕೆ ಕ್ಷಮೆ ಇರಲಿ. ಬರೆದು ಹರಿದ ಹಾಳೆಗಳಿಂದ ಕಸದ ಬುಟ್ಟಿ ತುಂಬಿದೆ. ಪಕ್ಕದ ಕೋಣೆಯವಳು ಇಣುಕಿ, “ಯಾರಿಗೇ ಅದು, ಇಷ್ಟೊಂದು ಪ್ರೇಮಪತ್ರ?” ಎಂದು ರೇಗಿಸಿದಳು. “ನಮ್ಮಪ್ಪನಿಗೆ” ಎಂದೆ. ಅವಳ ಮುಖ ಸಪ್ಪಗಾಯಿತು.

ನಿಮ್ಮ ಮಂಡಿನೋವು ಹೇಗಿದೆ? ನೀರು ಶುದ್ಧೀಕರಣ ಘಟಕದ ಆ ಕಬ್ಬಿಣದ ಮೆಟ್ಟಿಲುಗಳನ್ನು ನೀವು ಇನ್ನು ಹತ್ತಬೇಕಾಗಿಲ್ಲವೆಂದು ಅಮ್ಮ ಸಂತೋಷದಲ್ಲಿದ್ದಾಳೆ. ಇಲ್ಲಿ ನಾನು ಆರೋಗ್ಯವಾಗಿದ್ದೇನೆ.

ನನ್ನ ಸಿಗಡಿ ತೊಟ್ಟಿಯ ಸಂಗತಿಯನ್ನು ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ. ಆದರೂ ಕ್ರಮವಾಗಿ ಹೇಳುತ್ತೇನೆ, ಏಕೆಂದರೆ ನಮ್ಮಿಬ್ಬರ ನಡುವೆ ಇಷ್ಟು ಕಾಲ ಕ್ರಮ ತಪ್ಪಿದೆ.

ಕೆಂಪು-ಬಿಳಿ ಪಟ್ಟೆಯ ಆ ಪುಟ್ಟ ಸಿಗಡಿಗಳು ಬೆಳೆಯಬೇಕಾದರೆ ಆಗಾಗ ಮೈಮೇಲಿನ ಚಿಪ್ಪನ್ನು ಕಳಚಬೇಕು. ನೀರಿನಲ್ಲಿ ಸುಣ್ಣದ ಅಂಶ ತೀರಾ ಕಡಿಮೆಯಾದರೆ ಹೊಸ ಚಿಪ್ಪು ಗಟ್ಟಿಯಾಗದು. ಮಿತಿಮೀರಿದರೆ ಹಳೆಯದು ಬಿಡದು. ಎಷ್ಟು ಮೃದುವಾದ ನೀರಿನಲ್ಲಿ ಅವು ತಲೆಮಾರುಗಟ್ಟಲೆ ಬಾಳಬಲ್ಲವು ಎಂಬುದೇ ನನ್ನ ಪ್ರಬಂಧ. ಲವಣಗಳನ್ನೆಲ್ಲ ತೆಗೆದ ಶುದ್ಧ ನೀರಿಗೆ ಬೇಕಾದ ಖನಿಜಗಳನ್ನು ನಾನೇ ತೂಗಿ ಬೆರೆಸುತ್ತಿದ್ದೆ. ಆ ನೀರಿನಲ್ಲೇ ಅಜ್ಜಿ, ಮಗಳು, ಮೊಮ್ಮಗಳು ಎಂಬಂತೆ ಸಿಗಡಿಗಳ ಒಂದು ಸಂಸಾರವೇ ಬೆಳೆದಿತ್ತು. ವಿಭಾಗದಲ್ಲಿ ಖಾಲಿಯಿದ್ದ ಒಂದೇ ಸಂಶೋಧನಾ ಸ್ಥಾನ ನನಗೆ ದಕ್ಕುವುದು ಆ ಫಲಿತಾಂಶದ ಮೇಲೆ ನಿಂತಿತ್ತು.

ಪರೀಕ್ಷೆಗೆಂದು ಇಲ್ಲಿಗೆ ಹೊರಟಾಗ ಮನೆಯಲ್ಲಿದ್ದ ತೊಟ್ಟಿಯನ್ನು ನಿಮಗೆ ಒಪ್ಪಿಸಿದೆ. ಆವಿಯಾಗುವುದು ನೀರೇ ಹೊರತು ಖನಿಜವಲ್ಲ. ಆದ್ದರಿಂದ ಕಡಿಮೆಯಾದಷ್ಟಕ್ಕೆ ಬರೀ ಶುದ್ಧ ನೀರು ಸೇರಿಸಿ, ಬೇರೇನನ್ನೂ ಹಾಕಬೇಡಿ ಎಂದೆ. ನೀವು ನಕ್ಕಿರಿ.

“ಊರಿಗೆಲ್ಲ ನೀರು ಕುಡಿಸೋನು ಕಣೇ ನಾನು. ಈ ಗಾಜಿನ ಡಬ್ಬ ನೋಡ್ಕೊಳ್ಳೋಕೆ ನಿನ್ನ ಹತ್ರ ಟ್ಯೂಷನ್ನಿಗೆ ಬರ್ಬೇಕಾ, ದೊಡ್ಡ ಮೇಡಂ?”

“ಬನ್ನಿ, ಫೀಸ್ ಇಲ್ಲ” ಎಂದೆ. ಅಮ್ಮನೂ ನಕ್ಕಳು.

ಪರೀಕ್ಷೆ ಮುಗಿಸಿ ಮನೆಗೆ ಬಂದೆ. ಎಂದಿನಂತೆ ತರಗತಿಗೆ ನಾನೇ ಮೊದಲಿಗಳು. ತೊಟ್ಟಿಯ ಗಾಜು ಕನ್ನಡಿಯಂತೆ ಹೊಳೆಯುತ್ತಿತ್ತು. ಸಿಗಡಿಗಳು ಓಡಾಡುತ್ತಿದ್ದವು, ನೀರಿನ ಗಡಸುತನ, ಆಮ್ಲತೆ ಎಲ್ಲವೂ ನಾನು ಬಿಟ್ಟುಹೋದಲ್ಲೇ ಇದ್ದವು. ನಿಮಗೆ ಕಾಫಿ ಮಾಡಿಕೊಟ್ಟು ಕೃತಜ್ಞತೆ ಹೇಳಿದೆ. ಆಮೇಲೆ ಅವು ಸಾಯತೊಡಗಿದವು. ಕುತ್ತಿಗೆಯ ಸುತ್ತ ಬಿಳಿಯ ಉಂಗುರ ಮೂಡುತ್ತಿತ್ತು, ಚಿಪ್ಪು ಅಲ್ಲಿ ಸೀಳುತ್ತಿತ್ತು, ಒಳಗಿನ ಜೀವಕ್ಕೆ ಹೊರಬರಲಾಗುತ್ತಿರಲಿಲ್ಲ. ನಳಿಕೆಯ ನೀರಿನ ಬಣ್ಣ ಬದಲಾಗುವವರೆಗೆ ದ್ರಾವಣದ ಹನಿ ಎಣಿಸಿ ಹಾಕುತ್ತ ನಾನು ಅಳೆದೆ, ಮತ್ತೆ ಅಳೆದೆ. ನೀರಿನಲ್ಲಿ ದೋಷವಿರಲಿಲ್ಲ.

“ನೀರು ಸರಿಯಾಗಿದ್ದೂ ಸಿಗಡಿ ಸಾಯ್ತಿವೆ ಅಂದ್ರೆ ಅಳತೇಲೇ ಏನೋ ಎಡವಟ್ಟಾಗಿದೆ, ಮಗಳೇ,” ಎಂದಿರಿ. ನನ್ನ ಅಳತೆಯ ಪುಸ್ತಕವನ್ನು ಹಿಂದಕ್ಕೆ ತಿರುವಿ, “ಮೊದಲಿಂದ್ಲೂ ಹಾಗೇ ಆಗಿದ್ರೆ?” ಎಂದಿರಿ.

ಈ ಮಾತನ್ನು ಬೇರೆ ಯಾರು ಆಡಿದ್ದರೂ ನಾನು ವಾದಕ್ಕೆ ಇಳಿಯುತ್ತಿದ್ದೆ. ಆಡಿದವರು ಜೀವಮಾನವೆಲ್ಲ ನೀರನ್ನು ಪರೀಕ್ಷಿಸಿದ ನನ್ನಪ್ಪ. ನಾನು ವಿಭಾಗದ ಸಭೆಯಲ್ಲಿ ಎಲ್ಲರ ಮುಂದೆ ಎದ್ದು ನಿಂತು, ನನ್ನ ಅಳತೆಗಳು ಆರಂಭದಿಂದಲೂ ನಂಬಲರ್ಹವಲ್ಲ, ಪ್ರಬಂಧವನ್ನು ಹಿಂತೆಗೆದುಕೊಳ್ಳುತ್ತೇನೆ ಎಂದೆ. ಹಿಂದಿನ ಬೆಂಚಿನಲ್ಲಿ ಯಾರೋ, “ಅಯ್ಯೋ, ಫಸ್ಟ್ ರ‍್ಯಾಂಕಿಗೂ ಹನಿ ಎಣಿಸೋಕೆ ಬರಲ್ವಂತೆ” ಎಂದರು. ಮಾರ್ಗದರ್ಶಕಿ ನನ್ನನ್ನು ಹೊರಗೆ ಕರೆದು, “ಯಾಕಮ್ಮಾ ಇಷ್ಟು ಅವಸರ? ಇನ್ನೊಂದು ಸಲ ಯೋಚನೆ ಮಾಡು,” ಎಂದು ಹೇಳಿ ನೋಡಿದರು.

“ತಪ್ಪು ಗೊತ್ತಾದ್ಮೇಲೂ ಸುಮ್ಮನಿರೋದನ್ನ ನಮ್ಮಪ್ಪ ಕಲಿಸಿಲ್ಲ, ಮೇಡಂ” ಎಂದೆ.

ಸ್ಥಾನ ನನ್ನ ನಂತರದವನಿಗೆ ಹೋಯಿತು.

ತೊಟ್ಟಿಯ ತಳದ ಮಣ್ಣನ್ನು ಸುಮ್ಮನೆ ಚೆಲ್ಲುವುದೇಕೆಂದು ಇಲ್ಲಿಗೆ ತಂದು ವಿಭಾಗದ ಬಸವನಹುಳುಗಳ ತೊಟ್ಟಿಗೆ ಹಾಕಿದೆ. ಅವು ನೀರು ಬಿಟ್ಟು ಗಾಜಿನ ಮೇಲೇರಿದವು. ಏರಲಾಗದವು ಚಿಪ್ಪಿನ ಬಾಯಿ ಮುಚ್ಚಿಕೊಂಡು ಉರುಳಿದವು. ಬಸವನಹುಳು ಹಾಗೆ ಹೆದರುವುದು ತಾಮ್ರಕ್ಕೆ. ತೊಟ್ಟಿಗೆ ತಾಮ್ರ ಬರುವ ದಾರಿಯೇ ಇಲ್ಲವೆಂದು ಅದೊಂದನ್ನು ನಾನು ಎಂದೂ ಪರೀಕ್ಷಿಸಿರಲಿಲ್ಲ. ಮಣ್ಣನ್ನು ಆಮ್ಲದಲ್ಲಿ ನೆನೆಸಿ, ಸೋಸಿ, ಅಮೋನಿಯಾ ಬಿಟ್ಟೆ. ನಳಿಕೆಯೊಳಗೆ ಗಾಢವಾದ ನೀಲಿ ಎದ್ದಿತು, ತಾಮ್ರದ ಗುರುತು. ನಮ್ಮ ಮನೆಯಲ್ಲಿ ತಾಮ್ರದ ಉಪ್ಪೆಂದರೆ ನಿಮ್ಮ ಮೈಲುತುತ್ತ.

ಅಮ್ಮನಿಗೆ ಫೋನ್ ಮಾಡಿ, “ಅಪ್ಪ ತೊಟ್ಟಿಗೆ ಮೈಲುತುತ್ತ ಯಾವಾಗ ಹಾಕಿದ್ರು?” ಎಂದು ನೇರವಾಗಿ ಕೇಳಿದೆ. ಅವಳು ದನಿ ತಗ್ಗಿಸಿದಳು.

“ಗಾಜಿಗೆ ಪಾಚಿ ಕಟ್ಟಿತ್ತು ಕಣೇ. ನೀನು ಬರೋಷ್ಟ್ರಲ್ಲಿ ಚೆಂದ ಮಾಡ್ಬೇಕು ಅಂತ ಒಂದು ಚಿಟಿಕೆ ಹಾಕಿದ್ರು. ಬೆಳಗ್ಗೆ ನೋಡಿದ್ರೆ ಎಲ್ಲಾ ಅಂಗಾತ. ಪಾಪ, ನಿಮ್ಮಪ್ಪ ಊಟಾನೂ ಮಾಡ್ಲಿಲ್ಲ. ಅಂಗಡಿಯಿಂದ ಅಂಥವನ್ನೇ ಹುಡುಕಿ ತಂದು ಬಿಟ್ರು. ‘ಅವಳಿಗೆ ಗೊತ್ತಾಗಲ್ಲ ಬಿಡೇ’ ಅಂದ್ರು. ನಾನು ಹೇಳ್ದೆ ಅಂತ ಮಾತ್ರ ಹೇಳ್ಬೇಡ.”

ಹೇಳಿಬಿಟ್ಟಿದ್ದೇನೆ. ಅವಳ ಮೇಲೆ ರೇಗಬೇಡಿ.

ಜಲಾಶಯದಲ್ಲಿ ಪಾಚಿ ಕಟ್ಟಿದಾಗ ಮೈಲುತುತ್ತ ಹಾಕಿಸುವುದು ನಿಮ್ಮ ಕೈಗೆ ರೂಢಿಯಾದ ಕೆಲಸ. ಅಷ್ಟು ನೀರಿನಲ್ಲಿ ಅದು ಯಾರಿಗೂ ತಾಕದಷ್ಟು ತೆಳುವಾಗುತ್ತದೆ; ನನ್ನ ತೊಟ್ಟಿಗೆ ಒಂದು ಚಿಟಿಕೆಯೇ ಹೆಚ್ಚಾಯಿತು. ಹೊಸ ಸಿಗಡಿಗಳು ಅಂಗಡಿಯ ಗಡಸು ನೀರಿನಲ್ಲಿ ಬೆಳೆದಂಥವು. ಒಮ್ಮೆಲೇ ಮೃದು ನೀರಿಗೆ ಬಿದ್ದ ಆಘಾತ ಒಂದು ಕಡೆ, ಎಷ್ಟು ತೊಳೆದರೂ ಮಣ್ಣಿನಲ್ಲಿ ಉಳಿದ ತಾಮ್ರ ಇನ್ನೊಂದು ಕಡೆ. ಅವು ಉಳಿಯುವುದು ಸಾಧ್ಯವಿರಲಿಲ್ಲ. ನೀರನ್ನು ಮಾತ್ರ ನನ್ನ ಅಳತೆಗೆ ಕೂದಲೆಳೆಯಷ್ಟೂ ತಪ್ಪದಂತೆ ಹೊಂದಿಸಿದ್ದಿರಿ. ಆ ಕೌಶಲಕ್ಕೆ ತಲೆಬಾಗುತ್ತೇನೆ.

ಚಿಟಿಕೆಯನ್ನು ಕ್ಷಮಿಸಿದ್ದೇನೆ. ನನ್ನ ಪರೀಕ್ಷೆ ಕೆಡಬಾರದೆಂದು ಮುಚ್ಚಿಟ್ಟದ್ದನ್ನೂ ಕ್ಷಮಿಸಿದ್ದೇನೆ. ಮಾರ್ಗದರ್ಶಕಿಗೆ ಎಲ್ಲವನ್ನೂ ತಿಳಿಸಿದೆ. ಪ್ರಯೋಗವನ್ನು ಮೊದಲಿನಿಂದ ಮಾಡು ಎಂದರು. ಸ್ಥಾನವಂತೂ ತುಂಬಿಯಾಗಿದೆ. ನನ್ನ ಫಲಿತಾಂಶ ಸರಿಯಾಗಿತ್ತೆಂದು ಈಗ ಸಭೆಯಲ್ಲಿ ಹೇಳಬಹುದು, ನಿಜ. ಆದರೆ ಅದು ತಪ್ಪೆಂದು ಅದೇ ಸಭೆಯಲ್ಲಿ ಹೇಳಿದವಳೂ ನಾನೇ.

ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡಿ. ಅಮ್ಮನನ್ನು ಕೇಳಿದೆನೆಂದು ತಿಳಿಸಿ. ನಿಮ್ಮಿಬ್ಬರ ಆರೋಗ್ಯ ಚೆನ್ನಾಗಿರಲಿ, ನಿವೃತ್ತಿಯ ದಿನಗಳು ನೆಮ್ಮದಿಯಾಗಿರಲಿ.

ಇಂತು,
ನಿಮ್ಮ ಮಗಳು

ಮರುಬರಹ: ಇದನ್ನು ಮರೆತಿದ್ದೆನೆಂದಲ್ಲ, ಮೇಲೆ ಬರೆಯಲಾರದೆ ಬಿಟ್ಟಿದ್ದೆ. ಸಿಗಡಿಗಳು ಸಾಯುತ್ತಿದ್ದ ದಿನಗಳಲ್ಲಿ ಒಂದು ಸಂಜೆ ನಾನು ನಳಿಕೆಯನ್ನು ಕೆಳಗಿಟ್ಟು ಅತ್ತುಬಿಟ್ಟೆ. ನೀವು ಪಕ್ಕಕ್ಕೆ ಬಂದು ಕುಳಿತು, ಚಿಕ್ಕವಳಿದ್ದಾಗ ಬರೆಯಲು ಕಲಿಸಿದಂತೆ ನನ್ನ ಮಣಿಕಟ್ಟನ್ನು ಹಿಡಿದಿರಿ. “ಹೀಗೆ. ನಿಧಾನ. ಹನಿ ಪೂರ್ತಿ ಕಟ್ಟಿದ್ಮೇಲೆ ಬಿಡು” ಎನ್ನುತ್ತ ಒಂದೊಂದೇ ಹನಿ ಬೀಳಿಸಿದಿರಿ. ಕಿತ್ತಳೆ ಬಣ್ಣ ಹಸಿರಾಯಿತು, ನಾನು ಎಣಿಸಿದ್ದ ಹನಿಗೇ. ನನ್ನ ಕೈಯಲ್ಲಿ ತಪ್ಪಿಲ್ಲವೆಂದು ಆ ಕೋಣೆಯಲ್ಲಿ ನಿಮಗೊಬ್ಬರಿಗೆ ಗೊತ್ತಿತ್ತು. ನೀವು, “ಇನ್ನೊಂದ್ಸಲ ಮಾಡೋಣ, ಪುಟ್ಟಿ” ಎಂದಿರಿ. ನಾನು ಕಣ್ಣೊರೆಸಿಕೊಂಡು “ಥ್ಯಾಂಕ್ಸ್ ಅಪ್ಪಾ” ಎಂದೆ.

ಸಮಾರಂಭದಲ್ಲಿ ನಾನು ಮಾತನಾಡುವುದಿಲ್ಲ.