ಕಳೆಗೆ ನೀರು ಹಾಕಿದವರು

ಅತ್ತೆಗೆ ನಮಸ್ಕಾರ,

ಮದುವೆಗೆ ನೀವು ಬರಲಿಲ್ಲ. ನಿಮ್ಮ ಮಗನ ಜಾಗದಲ್ಲಿ ಇನ್ನೊಬ್ಬರನ್ನು ನೋಡುವುದು ಕಷ್ಟ ಅಂತ ನನಗೂ ಗೊತ್ತು. ಅದಕ್ಕೇ ಹಿತ್ತಿಲಿನ ಸುದ್ದಿ ಮಾತ್ರ ಬರೆಯುತ್ತೇನೆ.

ಇವರು ಬಸ್ಸು ಓಡಿಸುವವರು, ಗುದ್ದಲಿ ಹಿಡಿದದ್ದು ಇದೇ ಮೊದಲು. ಇಬ್ಬರೂ ಸೇರಿ ಮಣ್ಣು ಅಗೆದು ಬೀನ್ಸು, ಬದನೆ ಹಾಕಿದೆವು. ಒಂದು ದಿನ ನಾನು ಆಸ್ಪತ್ರೆಯ ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ಬೀನ್ಸಿನ ಸಸಿಗಳನ್ನೆಲ್ಲ ಕಿತ್ತು ಗುಡ್ಡೆ ಹಾಕಿ, ಕಳೆಗೆ ಮುತುವರ್ಜಿಯಿಂದ ನೀರು ಹಾಕುತ್ತಾ ನಿಂತಿದ್ದರು. ನಗು ತಡೆಯಲಾಗದೆ ಮಣ್ಣಿನಲ್ಲೇ ಕೂತುಬಿಟ್ಟೆ. ನಿಮ್ಮ ಮಗ ತೀರಿಕೊಂಡ ಮೇಲೆ ಹಾಗೆ ನಕ್ಕಿದ್ದು ಅದೇ ಮೊದಲು. ಅದು ನೆನಪಾಗಿ ತಟ್ಟನೆ ಬಾಯಿ ಮುಚ್ಚಿಕೊಂಡೆ. ಇವರಿಗೆ ಅರ್ಥವಾಯಿತು.

"ನಿಲ್ಲಿಸಬೇಡ. ಬೇಕಿದ್ರೆ ಬದನೆ ಸಾಲನ್ನೂ ಕಿತ್ತುಹಾಕ್ತೀನಿ" ಅಂದರು.

ಹೇಗೋ ಬದನೆ ಉಳಿಯಿತು, ಈಗ ಗಿಡ ಬಾಗುವಷ್ಟು ಕಾಯಿ ಬಿಟ್ಟಿದೆ. ಮೊದಲ ಕಾಯಿ ಕೀಳಲು ನೀವೇ ಬರಬೇಕು. ಹಿತ್ತಿಲೆಲ್ಲ ಕೆಸರು, ಹಳೇ ಚಪ್ಪಲಿ ಹಾಕಿಕೊಂಡು ಬನ್ನಿ. ನಿಮ್ಮನ್ನು ಅಮ್ಮ ಅಂತ ಕರೆಯಬಹುದಾ ಅಂತ ಇವರು ಕೇಳುತ್ತಿದ್ದಾರೆ. ಯೋಚಿಸಿ ಹೇಳಿ, ಅವಸರವೇನಿಲ್ಲ. ನಾನು ಮಾತ್ರ ಕೇಳುವುದಿಲ್ಲ. ಅತ್ತೆ ಅಂತಲ್ಲದೆ ನಿಮ್ಮನ್ನು ಬೇರೇನಂತ ಕರೆಯಲೂ ನನಗೆ ಬಾಯಿ ಬರುವುದಿಲ್ಲ.

ನಿಮ್ಮ ಸೊಸೆ