ಕಾಲು ಇಂಚು

ಹಾಸ್ಟೆಲ್, ಬೆಂಗಳೂರು
ಗುರುವಾರ, 10-10-1963

ಅಮ್ಮನಿಗೆ ಶಾಂತಕುಮಾರಿಯ ನಮಸ್ಕಾರಗಳು.

ವಾರ ತುಂಬುವ ಮೊದಲೇ ಮತ್ತೆ ಬರೆಯುತ್ತಿದ್ದೇನೆ, ಕ್ಷಮಿಸು. ಇದನ್ನು ಓದಿಸಲು ನೀನು ಕೆಲಸ ಬಿಟ್ಟು ನಲ್ಲಪ್ಪ ಮೇಷ್ಟ್ರ ಜಗಲಿಗೆ ಹೋಗಬೇಕು, ಅವರು ಹತ್ತು ಜನರ ಮುಂದೆ ಗಟ್ಟಿಯಾಗಿ ಓದುತ್ತಾರೆ. ಎಲ್ಲ ಗೊತ್ತು. ಮೇಷ್ಟ್ರೇ, ಇವತ್ತೊಂದು ದಿನ ಮೆಲ್ಲಗೆ ಓದಿ. ಆದರೆ ಒಂದು ಸಾಲನ್ನೂ ಬಿಡಬೇಡಿ.

ಮೊದಲು ಅರ್ಜೆಂಟ್ ವಿಷಯ. ಅಜ್ಜಿಯ ಹುಂಜದ ಕಾಲಲ್ಲಿ ಬೆಳೆದಿರುವ ಮುಳ್ಳನ್ನು ಕತ್ತರಿಸಬೇಡಿ. ಬಯ್ಯಪ್ಪ ಮಾವ ಇಕ್ಕಳ ಕೈಗೆ ತೆಗೆದುಕೊಂಡಿದ್ದರೂ ನಿಲ್ಲಿಸಿ.

ನಿಮ್ಮ ಕಾರ್ಡು ಮಧ್ಯಾಹ್ನ ಊಟಕ್ಕೆ ಕುಳಿತಾಗ ಬಂತು. ‘ನೀನು ಬರೆದಂತೆ ಕಾಲು ಇಂಚು ಉಳಿಸಿ ಮಿಕ್ಕಿದ್ದನ್ನೆಲ್ಲ ತೆಗೆಸುತ್ತೇವೆ. ಲಾಳ ಕಟ್ಟುವ ಬಯ್ಯಪ್ಪ ಭಾನುವಾರ ಚಿಂತಾಮಣಿ ಸಂತೆ ಮುಗಿಸಿಕೊಂಡು ಸೋಮವಾರ ಊರಿಗೆ ಬರುತ್ತಾನೆ’ ಎಂದಿತ್ತು. ಎರಡು ಸಲ ಓದಿದೆ. ತಟ್ಟೆ ಅಲ್ಲೇ ಬಿಟ್ಟು ಎದ್ದೆ. ಅಮ್ಮ, ನಾನು ಬರೆಯಬೇಕಾಗಿದ್ದು ‘ಕಾಲಿನಿಂದ ಒಂದು ಇಂಚು ಬಿಟ್ಟು’ ಎಂದು. ಅವಸರದಲ್ಲಿ ‘ಕಾಲು ಇಂಚು ಬಿಟ್ಟು’ ಎಂದು ಗೀಚಿದ್ದೇನೆ. ನನ್ನ ತಲೆಯಲ್ಲಿದ್ದದ್ದು ಕೋಳಿಯ ಕಾಲು. ನೀವು ಇಂಚಿನಲ್ಲಿ ಕಾಲುಭಾಗ ಎಂದು ಓದಿಕೊಂಡಿರಿ. ಯಾರಾದರೂ ಹಾಗೇ ಓದುತ್ತಾರೆ. ಎಂಟನೇ ವಯಸ್ಸಿನಿಂದ ಹಾಸ್ಟೆಲಿನಲ್ಲಿ ಇಂಗ್ಲಿಷಿನಲ್ಲೇ ಬೈಸಿಕೊಂಡು ಬೆಳೆದವಳು ನಾನು. “ನಿನ್ ಮಗಳ ಕನ್ನಡಕ್ಕೆ ಒಂದು ಕನ್ನಡಕ ಹಾಕಿಸ್ಬೇಕು ಕಣಮ್ಮ ಮುನಿಗಂಗಮ್ಮ” ಎಂದು ಮೇಷ್ಟ್ರು ದಸರಾ ರಜೆಯಲ್ಲಿ ಅಂದಾಗ ಮುಖ ಊದಿಸಿಕೊಂಡಿದ್ದೆ. ಈಗ ಬೇಕಾದರೆ ಎರಡು ಹಾಕಿಸಲಿ.

ಆ ಮುಳ್ಳು ನಮ್ಮ ಉಗುರಿನ ತುದಿಯ ಹಾಗೆ ಒಣಗಿದ್ದಲ್ಲ. ಹೊರಗೆ ಕೊಂಬಿನಂಥ ಒರೆ, ಒಳಗೆ ಜೀವವಿರುವ ಮೂಳೆ, ಅದರಲ್ಲಿ ರಕ್ತ. ಎರಡಿಂಚಿನ ಮುಳ್ಳಿಗೆ ಕಾಲಿಂಚು ಉಳಿಸಿದರೆ ಇಕ್ಕಳ ಮೂಳೆಗೇ ಬೀಳುತ್ತದೆ. ರಕ್ತ ಬೇಗ ನಿಲ್ಲುವುದಿಲ್ಲ, ಹುಂಜ ಸತ್ತರೂ ಸತ್ತೀತು. ಅದೂ ಅಜ್ಜಿಯ ಮಡಿಲಲ್ಲಿ, ಅವಳೇ ತಾನೆ ಹಿಡಿದುಕೊಳ್ಳುವವಳು!

ಅದೇ ರಜೆಯಲ್ಲಿ ಹುಂಜ ಆ ಮುಳ್ಳಿನಿಂದ ಅಜ್ಜಿಯ ಮೊಣಕಾಲ ಕೆಳಗೆ ತಿವಿದ ದಿನ ಅಪ್ಪ, “ಇವತ್ತೇ ಸಾರು ಮಾಡಾಕ್ರಿ” ಎಂದು ಕುಡುಗೋಲು ಹುಡುಕಿದ್ದರು. ಅಜ್ಜಿ ಹುಂಜದ ಮೇಲೆ ಮಂಕರಿ ಬುಟ್ಟಿ ಕವುಚಿ ಅದರ ಮೇಲೆ ಕೈಯಿಟ್ಟು, “ಮೊದ್ಲು ನನ್ನ ಸಾರು ಮಾಡೋ, ಆಮೇಲೆ ಇದನ್ನ ಮುಟ್ಟು” ಅಂದಳು. ನಡುವೆ ಬಾಯಿ ಹಾಕಿದವಳು ನಾನು. ಕಾಲೇಜಿನಲ್ಲಿ ಕೇಳಿ ಬರೆಯುತ್ತೇನೆ ಅಂದೆ. ಅಜ್ಜಿ ಬೀದಿಗೆಲ್ಲ ಸಾರಿದಳು: “ನಮ್ ಸಾಂತ ಓದ್ತೈತೆ, ಅದು ಹೇಳ್ದಂಗೇ ಆಗ್ಲಿ.”

ಅಮ್ಮ, ದನದ ಡಾಕ್ಟರು ಹೇಳಿದರು ಎಂದು ಬರೆದಿದ್ದೆನಲ್ಲ, ಯಾವ ಡಾಕ್ಟರನ್ನೂ ನಾನು ಕೇಳಿಲ್ಲ. ಲೈಬ್ರರಿಯಲ್ಲಿ ಒಂದು ಇಂಗ್ಲಿಷ್ ಪುಸ್ತಕ ತೆಗೆದು ಅರ್ಧ ಪುಟ ಓದುವಷ್ಟರಲ್ಲಿ ಗಂಟೆ ಹೊಡೆಯಿತು. ಡಾಕ್ಟರು ಅನ್ನದಿದ್ದರೆ ಅಪ್ಪ ಒಪ್ಪುವುದಿಲ್ಲ ಎಂದು ಹಾಗೆ ಬರೆದೆ. ಇವತ್ತು ಕಾರ್ಡು ಓದಿದ ಮೇಲೆ ಓಡಿಹೋಗಿ ಪೂರ್ತಿ ಓದಿ ಬಂದೆ. ಈಗ ಬರೆಯುವುದು ನಿಜ.

ಸಂಜೆ ಹುಂಜ ಗೂಡು ಸೇರಿದ ಮೇಲೆ ಮೆತ್ತಗಿರುತ್ತದೆ. ಆಗ ಹಳೇ ಪಂಚೆಯಲ್ಲಿ ಸುತ್ತಿ ಹಿಡಿದು, ಅಪ್ಪನ ಅರದಿಂದ ಮುಳ್ಳಿನ ಮೊನೆಯನ್ನು ಮಾತ್ರ ಮೊಂಡಾಗುವಷ್ಟು ತೇಯಿರಿ. ಒಳಗೆ ಕೆಂಪು ಕಂಡರೆ ಅಲ್ಲಿಗೇ ನಿಲ್ಲಿಸಿ. ಬೆಳೆದಾಗ ಮತ್ತೆ ತೇಯಬೇಕು, ಅಷ್ಟೇ. ಈ ಕಾಗದ ತಲುಪುವ ಮೊದಲೇ ಕತ್ತರಿಸಿದ್ದರೆ ಗಾಯಕ್ಕೆ ಅರಿಶಿನ ಮೆತ್ತಿ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಒಣಗುವ ತನಕ ಮಂಕರಿಯೊಳಗೆ ಬೇರೆ ಇಡಿ. ರಕ್ತ ಕಂಡರೆ ಬೇರೆ ಕೋಳಿಗಳು ಕುಕ್ಕುತ್ತವೆ. ಬಯ್ಯಪ್ಪ ಮಾವನನ್ನು ಯಾರೂ ಬೈಯಬೇಡಿ.

ಅಪ್ಪನಿಗೆ ನೀನೇ ಸಮಾಧಾನ ಹೇಳು.

ನಿನ್ನ ಮಗಳು,
ಶಾಂತಕುಮಾರಿ

ವಿ.ಸೂ.: ಮೇಷ್ಟ್ರೇ, ಇದನ್ನು ಅಜ್ಜಿಯನ್ನು ಕೂರಿಸಿಕೊಂಡು ಓದಿ. ಮೊನೆ ತೇಯ್ದರೆ ಸಾಕು, ಕತ್ತರಿಸುವುದು ಬೇಡ ಎಂದು ನಾನು ಓದಿದ ಆ ಅರ್ಧ ಪುಟದ ಮೊದಲ ಸಾಲಿನಲ್ಲೇ ಇತ್ತು. ಬೇಕೆಂದೇ ಅದನ್ನು ನಿಮಗೆ ತಿಳಿಸದೆ ಮುಚ್ಚಿಟ್ಟೆ. ಝೂವಾಲಜಿ ಕ್ಲಾಸಿಗೆ ಎಲ್ಲರೂ ಒಂದೊಂದು ಸ್ಪೆಸಿಮನ್, ಅಂದರೆ ಯಾವುದಾದರೂ ಪ್ರಾಣಿಯ ಮಾದರಿ, ತರಬೇಕು. ಒಬ್ಬಳು ಜಿಂಕೆ ಕೊಂಬು ತಂದಳು, ಇನ್ನೊಬ್ಬಳು ಶಂಖ. ನಮ್ಮ ಮನೆಯಿಂದ ತರಲು ನನಗೆ ಬೇರೇನೂ ತೋಚಲಿಲ್ಲ. ಕತ್ತರಿಸಿದ ತುಂಡನ್ನು ಬಿಸಾಡಬೇಡಿ ಎಂದು ಹೋದ ಕಾಗದದಲ್ಲಿ ಬರೆದದ್ದು ಅದಕ್ಕೇ. ತುಂಡು ಬೇಡ ಅಜ್ಜಿ. ಹುಂಜ ಹೇಗಿದೆ, ಬೇಗ ಒಂದು ಕಾರ್ಡು ಹಾಕಿಸು.