ನನ್ನ ಕೋಣೆಯ ಸ್ವಿಚ್ಚು

ಶೋಭಿತ್,

ಸುರತ್ಕಲ್‌ಗೆ ಅಕ್ಕನ ಮನೆಗೆ ಹೋಗಿ ಬರುತ್ತೇನೆ, ಬಸ್ಸಿನಲ್ಲಿ. ಬಂಗುಡೆ ಮೀನಿನ ಸಾರು ಒಲೆಯ ಮೇಲೆ ಉಂಟು, ಬಿಸಿ ಮಾಡಿಕೋ.

ಹೋದ ವಾರ ನೀನು ಹಳೆಯ ಸ್ವಿಚ್‌ಬೋರ್ಡುಗಳ ಒಳಗೆ ಬೆಂಕಿಪೊಟ್ಟಣದಷ್ಟು ಸಣ್ಣ ಡಬ್ಬಿಗಳನ್ನು ಕೂರಿಸುವಾಗ, "ಇನ್ನು ಮಲಗಿದಲ್ಲಿಂದಲೇ ಫೋನಿನಲ್ಲಿ ಫ್ಯಾನ್ ಆಫ್ ಮಾಡಬಹುದಮ್ಮ" ಎಂದು ಹೇಳಿದ್ದೆ. ನಾನು ನಂಬಿದೆ. ಹೊರಗಿನಿಂದ ನೋಡಿದರೆ ಸ್ವಿಚ್ಚು ಮೊದಲಿನದ್ದೇ ಅಲ್ಲವೇ? ಆದರೆ ಸೋಮವಾರ ಆಫೀಸಿನಿಂದ ಬಂದವನೇ, "ಇವತ್ತು ಎಂತಕ್ಕೆ ಆರು ಸಲ ಬಾತ್‌ರೂಮಿಗೆ ಹೋದದ್ದು?" ಎಂದು ಕೇಳಿದೆಯಲ್ಲ, ಆಗಲೇ ನನಗೆ ಸಂಶಯ ಬಂತು.

ನಿನ್ನೆ ಪರೀಕ್ಷೆ ಮಾಡಿದೆ. ಸ್ಟೋರ್ ರೂಮಿನ ಲೈಟ್ ಹಾಕಿ ಜಗಲಿಗೆ ಬಂದು ಸುಮ್ಮನೆ ಕುಳಿತೆ. ಐದು ನಿಮಿಷ ಆಗಲಿಲ್ಲ, ನಿನ್ನ ಫೋನ್: "ಸ್ಟೋರಿನಲ್ಲಿ ಎಂತ ಮಾಡ್ತಾ ಇದ್ದೀ? ಸ್ಟೂಲ್ ಹತ್ತಬೇಡ." ನಾನು ಯಾವ ಸ್ವಿಚ್ಚು ಹಾಕಿದರೂ ಆ ಡಬ್ಬಿ ನಿನ್ನ ಫೋನಿಗೆ ಹೇಳುತ್ತದೆ ಎಂದು ಗೊತ್ತಾಯಿತು.

ಇವತ್ತು ಬೆಳಿಗ್ಗೆ ಎಲೆಕ್ಟ್ರಿಷಿಯನ್ ಅಶ್ರಫ್‌ನನ್ನು ಕರೆಸಿ ನನ್ನ ಕೋಣೆಯದ್ದನ್ನೂ ಬಾತ್‌ರೂಮಿನದ್ದನ್ನೂ ತೆಗೆಸಿದ್ದೇನೆ. ಎರಡೂ ಡಬ್ಬಿ ಫ್ರಿಜ್ಜಿನ ಮೇಲೆ ಉಂಟು. ಅವನಿಗೆ ಬೈಯಬೇಡ. ಗೇಟಿನ ಲೈಟಿನದ್ದು ಇರಲಿ, ಅದು ಉಪಯೋಗಕ್ಕೆ ಬರುತ್ತದೆ. ಟಿವಿಯ ಹಿಂದೆ, ಕಪಾಟಿನ ಮೇಲೆ ಇನ್ನೆಂತಾದರೂ ಇಟ್ಟಿದ್ದರೆ ಇವತ್ತೇ ಹೇಳಿಬಿಡು. ನಾನಾಗಿ ಹುಡುಕುವ ಹಾಗೆ ಮಾಡಬೇಡ.

ಕಳೆದ ವರ್ಷ ಬಿದ್ದವಳು ನಾನು. ಇನ್ನೊಮ್ಮೆ ಬೀಳುವ ಹೆದರಿಕೆ ನಿನಗಿಂತ ನನಗೇ ಹೆಚ್ಚು. ಆದರೂ ನಾನು ಎಷ್ಟು ಸಲ ಎದ್ದೆ ಎಂದು ನಿನ್ನ ಫೋನ್ ಲೆಕ್ಕ ಇಡುವುದು ಬೇಡ, ಮಗಾ. ನಾಚಿಕೆಯಾಗುತ್ತದೆ.

ಆರು ಗಂಟೆಗೆ ಬರುತ್ತೇನೆ. ತಡವಾದರೆ ಫೋನ್ ಮಾಡು, ಎತ್ತುತ್ತೇನೆ.

ಅಮ್ಮ